ಇಲ್ಲದ ದೃಶ್ಯವನ್ನು ಇಲ್ಲವೆಂದೇ ತೋರಿಸು

ಧಾರವಾಡ

ಚಿರಂಜೀವಿ ಸುಹಾಸನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಬೆಲ್ಜಿಯಂನ ಆಳ್ವಿಕೆಯಿಂದ ಬಿಡುಗಡೆಯಾದ ಕಾಂಗೋದ ಮೊದಲ ಪ್ರಧಾನಿ ಪತ್ರಿಸ್ ಲುಮುಂಬಾ ಅವರ ಬದುಕನ್ನು ಕುರಿತು ಇಪ್ಪತ್ತು ನಿಮಿಷದ ಸಾಕ್ಷ್ಯಚಿತ್ರ ಮಾಡಲು ಹೊರಟಿರುವೆಯೆಂದೂ, 1961ರ ಜನವರಿ 17ರ ರಾತ್ರಿ ನಡೆದ ಅವರ ಹತ್ಯೆಯ ದೃಶ್ಯ ಎಲ್ಲಿಯೂ ಸಿಗದ ಕಾರಣ ಅದನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸಿಕೊಳ್ಳುವೆಯೆಂದೂ ಬರೆದಿದ್ದೀಯೆ. ವಿಷಯ ನನಗೆ ಹಿಡಿಸಿತು. ಈ ಉಪಾಯ ಹಿಡಿಸಲಿಲ್ಲ.

ಹೈಟಿಯ ನಿರ್ದೇಶಕ ರಾವುಲ್ ಪೆಕ್ ಅವರು ಲುಮುಂಬಾರನ್ನು ಕುರಿತು ತೆಗೆದ ಸಾಕ್ಷ್ಯಚಿತ್ರದಲ್ಲಿ ಅರ್ಧಕ್ಕರ್ಧ ಬ್ರಸೆಲ್ಸ್‌ನ ಚಳಿಗಾಲದ ಬೀದಿಗಳೇ ಇವೆಯೆಂದು ನೀನು ಆಕ್ಷೇಪಿಸಿದ್ದೀಯೆ. ಬಾಲ್ಯದಲ್ಲಿ ಕಾಂಗೋದಲ್ಲೇ ಬೆಳೆದ ಅವರಿಗೆ ಅಲ್ಲಿಗೆ ಹೋಗಿ ಚಿತ್ರೀಕರಿಸುವ ಆಸೆ ಇಲ್ಲದಿರಲಿಲ್ಲ. ಆಗ ಅಲ್ಲಿ ಆಳುತ್ತಿದ್ದವನು ಲುಮುಂಬಾರನ್ನು ಅಧಿಕಾರದಿಂದ ಇಳಿಸಿದ್ದ ಸೇನಾನಿ, ಸರ್ವಾಧಿಕಾರಿ ಮೊಬುಟು. ಅವನ ಗೂಢಚಾರರ ಭಯದಿಂದ ಪ್ರಯಾಣವನ್ನು ಕೈಬಿಟ್ಟು, ಕಾಂಗೋವನ್ನು ದಶಕಗಳ ಕಾಲ ಆಳಿದ ಊರಿನಲ್ಲೇ ಕ್ಯಾಮೆರಾ ನಿಲ್ಲಿಸಿದರು, ಮತ್ತು ಹಾಗೇಕೆ ಮಾಡಿದೆನೆಂಬುದನ್ನು ಮುಚ್ಚಿಡಲಿಲ್ಲ. ಹಳೆಯ ಸುದ್ದಿಚಿತ್ರದ ತುಣುಕಿಗೆ ನಿಮಿಷಕ್ಕೆ 3,000 ಡಾಲರ್ ಕೇಳಿದರೆಂಬ ಮಾತನ್ನೂ ನಿರೂಪಣೆಯಲ್ಲಿಯೇ ಸೇರಿಸಿದರು. ಕೊಲೆಯಾದವರ ನೆನಪಿಗೂ ನಿಮಿಷದ ಲೆಕ್ಕದಲ್ಲಿ ಬಾಡಿಗೆಯುಂಟೆಂಬುದು ಹೀಗೆ ಅವರ ಕಥೆಯೊಳಗೇ ಬಂತು. ಕೊರತೆಯನ್ನೇ ಬಂಡವಾಳ ಮಾಡಿಕೊಳ್ಳುವುದು ಸುಲಭದ ಕೆಲಸವಲ್ಲಪ್ಪ.

ಆ ರಾತ್ರಿಯ ದೃಶ್ಯ ಏಕಿಲ್ಲ ಎಂಬುದನ್ನು ಯೋಚಿಸು. ಲುಮುಂಬಾ, ಅವರ ಸಂಗಡಿಗರಾದ ಎಂಪೋಲೊ, ಒಕಿಟೊ ಮೂವರನ್ನೂ ಕಾಂಗೋದ ಕಟಾಂಗಾ ಪ್ರಾಂತ್ಯದಲ್ಲಿ ಗುಂಡಿಟ್ಟು ಕೊಂದ ಮೇಲೆ, ಹೂತಿದ್ದ ದೇಹಗಳನ್ನು ಮತ್ತೆ ಅಗೆದು ತೆಗೆದು, ಬೆಲ್ಜಿಯಂನ ಒಬ್ಬ ಪೊಲೀಸ್ ಅಧಿಕಾರಿ ಆಮ್ಲದಲ್ಲಿ ಕರಗಿಸಿದ. ಗೋರಿಗೂ ಏನೂ ಉಳಿಯಬಾರದೆಂಬುದೇ ಉದ್ದೇಶವಾಗಿತ್ತು. ಆತ ಇಟ್ಟುಕೊಂಡಿದ್ದ ಲುಮುಂಬಾರ ಒಂದು ಹಲ್ಲು ಮಾತ್ರ ಉಳಿದು, 2022ರ ಜೂನ್‌ನಲ್ಲಿ ಬ್ರಸೆಲ್ಸ್‌ನಲ್ಲಿ ಮಕ್ಕಳ ಕೈ ಸೇರಿತು. ಕೊಲೆಗಾರರು ಅಷ್ಟು ಶ್ರಮಪಟ್ಟು ಮಾಡಿಟ್ಟ ಆ ಬರಿದಿನಲ್ಲಿ ನೀನು ನಿನ್ನ ಕಲ್ಪನೆಯ ಕಾಡನ್ನೂ ಬಂದೂಕುಗಳನ್ನೂ ತಂದು ನಿಲ್ಲಿಸಿದರೆ, ಅವರ ಕೃತ್ಯದ ಗುರುತನ್ನು ನೀನೇ ಒರೆಸಿದಂತಾಗುತ್ತದೆ. ಪರದೆಯನ್ನು ಕಪ್ಪಾಗಿಯೇ ಬಿಡು. ಹಲ್ಲನ್ನು ಒಪ್ಪಿಸಿದ ದಿನದ ನಿಜವಾದ ದೃಶ್ಯಗಳಿವೆ, ಅಲ್ಲಿಗೆ ಹೋಗು.

ನಾನೂ ಈ ತಪ್ಪು ಮಾಡಿದವನೇ. ನಮ್ಮ ಫಿಲಂ ಸೊಸೈಟಿಯ ಕಾಲದಲ್ಲಿ ಒಂದು ಮೂಕ ಸುದ್ದಿಚಿತ್ರಕ್ಕೆ ಜೈಕಾರದ ಸದ್ದನ್ನು ಅಂಟಿಸಿ ತೋರಿಸಿದ್ದೆ. ಪ್ರದರ್ಶನ ಮುಗಿದ ಮೇಲೆ ಒಬ್ಬ ವೃದ್ಧರು ಬಂದು, 'ಆ ಮೆರವಣಿಗೆಯಲ್ಲಿ ನಾನಿದ್ದೆ, ಅಂದು ನಾವು ಮೌನವಾಗಿ ನಡೆದಿದ್ದೆವು' ಎಂದರು.

ಇರುವ ದೃಶ್ಯವನ್ನೂ ಪರೀಕ್ಷಿಸದೆ ಬಳಸಬೇಡ. 1960ರ ಡಿಸೆಂಬರ್‌ನಲ್ಲಿ ಕೈ ಕಟ್ಟಿದ ಲುಮುಂಬಾರ ಬಾಯಿಗೆ ಸೈನಿಕನೊಬ್ಬ ಕಾಗದ ತುರುಕುವ ತುಣುಕನ್ನು ಎಲ್ಲರೂ ಬಳಸುತ್ತಾರೆ. ಕ್ಯಾಮೆರಾಗಳ ಎದುರಿಗೇ ನಡೆದ ಅವಮಾನವದು. ಯಾವ ಕಂಪನಿಯ ಕ್ಯಾಮೆರಾ, ಯಾವ ದಿನ ಎಂಬುದು ಪರದೆಯ ಮೇಲೆ ಇರಲಿ.

ಇನ್ನು ನಿನ್ನ ನಿರೂಪಣೆಯ ಕರಡು. 1960ರ ಜೂನ್ 30ರ ಸ್ವಾತಂತ್ರ್ಯ ಸಮಾರಂಭದಲ್ಲಿ ಬೆಲ್ಜಿಯಂನ ದೊರೆ ಬೋದುವಾನ್ ಅವರು, ಹಿಂದೆ ಕಾಂಗೋವನ್ನು ತನ್ನ ಸ್ವಂತ ಆಸ್ತಿಯಂತೆ ಆಳಿದ್ದ ದೊರೆ ಎರಡನೆಯ ಲಿಯೊಪೋಲ್ಡನ ಪ್ರತಿಭೆಯನ್ನು ಹೊಗಳಿದ ಮೇಲೆ, ಕಾರ್ಯಕ್ರಮದ ಪಟ್ಟಿಯಲ್ಲಿಲ್ಲದಿದ್ದರೂ ಲುಮುಂಬಾ ಎದ್ದು ಮಾತನಾಡಿದರು. ಕರಿಯರನ್ನು ಫ್ರೆಂಚಿನ ಏಕವಚನದ 'ತು' ಎಂದು ಕರೆದದ್ದು ಗೆಳೆತನದಿಂದಲ್ಲ, ಗೌರವದ 'ವು' ಬಿಳಿಯರಿಗಷ್ಟೇ ಮೀಸಲಾಗಿದ್ದರಿಂದ ಎಂಬುದು ಆ ಭಾಷಣದ ಒಂದು ಮಾತು. ಇಂಗ್ಲಿಷಿನಲ್ಲಿ ಎರಡಕ್ಕೂ ಇರುವುದು ಒಂದೇ ಪದ, ಆದ್ದರಿಂದ ಆ ಸಬ್‌ಟೈಟಲ್ ನೋಡಿ ಬರೆದ ನಿನಗೆ ಅದರ ಪೆಟ್ಟು ತಾಗಿಲ್ಲ. ನಮಗೋ 'ನೀನು', 'ನೀವು' ಎರಡೂ ಇವೆ. ಯಾರನ್ನು ಯಾವುದರಿಂದ ಕರೆದರೆಂಬುದರ ನೋವು ನಮ್ಮ ಹಳ್ಳಿಗಳಲ್ಲಿ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಹೀಗಿರುವಾಗ ನಿನ್ನ ಕರಡಿನಲ್ಲಿ ದೊರೆ 'ಹೇಳಿದರು', ಲುಮುಂಬಾ 'ಹೇಳಿದ' ಎಂದಿದೆ. ಪ್ರೀತಿಯಿಂದ ಹಾಗೆ ಬರೆದಿರುವೆಯೆಂದು ಬಲ್ಲೆ. ಆದರೂ ಅದೇ ಭಾಷಣಕ್ಕೆ ಮೊದಲು ಅದನ್ನು ಓದಿ ನನಗೆ ನಿದ್ದೆ ಬರಲಿಲ್ಲ.

ಹಾಗೆಂದು ಲುಮುಂಬಾರನ್ನು ದೇವರು ಮಾಡಲು ಹೋಗಬೇಡ. ಅಂಚೆ ಗುಮಾಸ್ತರಾಗಿದ್ದಾಗ ಹಣ ದುರುಪಯೋಗದ ಆರೋಪದಲ್ಲಿ ಜೈಲಿಗೆ ಹೋದದ್ದೂ, ಬಿಯರ್ ಕಂಪನಿಯ ಮಾರಾಟಗಾರರಾಗಿದ್ದದ್ದೂ, ಹತ್ತೇ ವಾರಗಳ ಅವರ ಆಡಳಿತದಲ್ಲಿ ಕಾಂಗೋದ ದಕ್ಷಿಣ ಕಸಾಯಿ ಪ್ರದೇಶದಲ್ಲಿ ಸೈನ್ಯವು ಜನರನ್ನು ಕೊಂದದ್ದೂ ಬರಲಿ. ವಿಶ್ವಸಂಸ್ಥೆಯ ಪಡೆಗಳು ದೇಶದಲ್ಲಿದ್ದಾಗಲೇ ಅವರು ಸೆರೆಸಿಕ್ಕರು. ಆಗ ಅಲ್ಲಿ ಆ ಸಂಸ್ಥೆಯ ಪ್ರತಿನಿಧಿಯಾಗಿದ್ದವರು ಭಾರತದ ರಾಜೇಶ್ವರ ದಯಾಳ್. ಆ ಪಡೆಗಳು ಅವರನ್ನೇಕೆ ಕಾಪಾಡಲಿಲ್ಲವೆಂಬ ಪ್ರಶ್ನೆಯನ್ನು ನಮ್ಮವರೆಂಬ ಮುಲಾಜಿಗೆ ಬಿಟ್ಟುಬಿಡಬೇಡ.

ಭಾಷಣದ ಫ್ರೆಂಚ್ ಮೂಲವನ್ನು ಓದಬಲ್ಲವರು ನಿಮ್ಮ ಕಾಲೇಜಿನಲ್ಲಿ ಸಿಕ್ಕಾರು, ಅವರ ಜೊತೆ ಕುಳಿತು ಆ ಎರಡು ಪುಟಗಳನ್ನು ಹೊಸದಾಗಿ ಬರೆದು ಕಳುಹಿಸು. ದಸರಾ ರಜೆಗೆ ಬಂದಾಗ ಕಚ್ಚಾ ಸಂಕಲನವನ್ನೂ ನೋಡೋಣ. ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು.

ಇತಿ, ನಿನ್ನ ಮಾವ