ಭಾನುವಾರದ ಚರ್ಚೆ: ಮಿಥಿಲೆಯ ಕರ್ಣಾಟರು

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 6ಕ್ಕೆ ಎಂದಿನಂತೆ ಗುಂಪು ಕರೆ ಇದೆ.

ನಾನ್ಯದೇವ 1097ರಲ್ಲಿ ಮಿಥಿಲೆಯಲ್ಲಿ (ಇಂದಿನ ಉತ್ತರ ಬಿಹಾರ ಮತ್ತು ಅದಕ್ಕೆ ತಾಗಿದ ನೇಪಾಳ) ಕರ್ಣಾಟ ವಂಶದ ಆಳ್ವಿಕೆ ಶುರುಮಾಡಿದ. ರಾಜಧಾನಿ ಸಿಮ್ರೌನ್‌ಗಢ ಈಗ ನೇಪಾಳದ ತರಾಯಿ ಬಯಲಿನಲ್ಲಿದೆ. ಬಂಗಾಳವನ್ನಾಳಿದ ಸೇನ ವಂಶದವರೂ ಶಾಸನಗಳಲ್ಲಿ ಕರ್ಣಾಟ ಮೂಲ ಹೇಳಿಕೊಂಡವರೇ. ಕಲ್ಯಾಣದ ಚಾಲುಕ್ಯರ ದಂಡಿನೊಂದಿಗೆ ಈ ಎರಡೂ ವಂಶಗಳ ಹಿರಿಯರು ಹೋಗಿರಬೇಕೆಂದು ಹಲವು ಇತಿಹಾಸಕಾರರ ಊಹೆ.

ನನಗೆ ಹೆಚ್ಚು ಕುತೂಹಲ ಇರುವುದು ಆಮೇಲಿನ ಕಥೆಯಲ್ಲಿ. ಮಿಥಿಲೆಯಲ್ಲಿ ಕನ್ನಡ ಬೇರೂರಲಿಲ್ಲ, ಆಳುವವರೇ ಊರಿನವರಾದರು. ಅಲ್ಲಿನ ಭಾಷೆ ಮೈಥಿಲಿಯ ಅತಿ ಹಳೆಯ ಗದ್ಯ ಕೃತಿ ‘ವರ್ಣರತ್ನಾಕರ’ ಬಂದದ್ದು ಇದೇ ಕರ್ಣಾಟ ವಂಶದ ಅರಸ ಹರಿಸಿಂಹದೇವನ ಆಸ್ಥಾನದಿಂದ! ಸೈನ್ಯ ಹೋದಲ್ಲೆಲ್ಲ ಭಾಷೆಯೂ ಹೋಗುತ್ತದೆ ಎನ್ನುವವರು ದಯವಿಟ್ಟು ವಾದಕ್ಕೆ ಸಿದ್ಧರಾಗಿ ಬನ್ನಿ.

ಸೇನರ ದೇವಪಾಡಾ ಶಾಸನದ ಪಾಠ ಇದ್ದವರು ಶನಿವಾರದೊಳಗೆ ಇಲ್ಲಿ ಹಾಕಿ. ‘ನಮ್ಮವರು ಬಂಗಾಳ ಆಳಿದರು’ ಎಂಬ ಫಾರ್ವರ್ಡ್‌ಗಳು ಮಾತ್ರ ಬೇಡ.