ಪಿಕಪ್ ಮೇಲಿನ ಟೆಂಟ್ ವರ್ಷವಿಡೀ ಇರಲಿ, ಮುಚ್ಚಿಟ್ಟು ಮರೆಯಬೇಡಿ

ಮಾನ್ಯರೇ,

ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ನಂಥ ಪಿಕಪ್‌ಗಳ ಮೇಲೆ ಮಡಚುವ ಟೆಂಟ್ ಹೊತ್ತು ತಿರುಗುವವರು ನಮ್ಮ ರಾಜ್ಯದಲ್ಲೂ ಹೆಚ್ಚುತ್ತಿದ್ದಾರೆ. ಪ್ರವಾಸ ಪುರವಣಿಗಳಲ್ಲಿ ಇವುಗಳ ಚಿತ್ರ ಚೆಂದವಾಗಿ ಬರುತ್ತದೆ. ಕೊಂಡವರು ಮೊದಲ ವಾರವೇ ಕೇಳುವ ಪ್ರಶ್ನೆಗೆ ಮಾತ್ರ ಎಲ್ಲೂ ನೆಟ್ಟಗೆ ಉತ್ತರ ಸಿಗುವುದಿಲ್ಲ: ವರ್ಷವಿಡೀ ಇದನ್ನು ಗಾಡಿ ಮೇಲೆಯೇ ಬಿಡಬಹುದೇ? ಮಾರುವವರು ‘ವಾಟರ್‌ಪ್ರೂಫ್ ಸಾರ್, ಏನೂ ಆಗಲ್ಲ’ ಅನ್ನುತ್ತಾರೆ. ಇಂಥ ಟೆಂಟ್ ಕೂರಿಸುವ, ಇಳಿಸುವ, ಕೆಟ್ಟದ್ದನ್ನು ಸರಿಮಾಡುವ ಕೆಲಸದಲ್ಲಿರುವ ನಮ್ಮ ಉತ್ತರ ಬೇರೆ. ಬಿಡಬಹುದು, ಆದರೆ ಎರಡು ವಿಷಯದಲ್ಲಿ ಕಣ್ಣಿಟ್ಟಿರಬೇಕು. ಒಂದು ಒಳಗಿನ ತೇವ, ಇನ್ನೊಂದು ಅಡಿಯ ಬೋಲ್ಟು. ಮೊದಲನೆಯದು ಕೆಟ್ಟರೆ ನಷ್ಟ ನಿಮ್ಮದು. ಎರಡನೆಯದು ಕೆಟ್ಟರೆ ಹಿಂದೆ ಬರುವ ಬೈಕಿನವನ ಜೀವಕ್ಕೆ ಕುತ್ತು.

ತೇವದ ವಿಷಯಕ್ಕೆ ಬರೋಣ. ಟೆಂಟಿನ ಬಟ್ಟೆ ಸಾಮಾನ್ಯವಾಗಿ ಪಾಲಿಕಾಟನ್ (ಹತ್ತಿ, ಪಾಲಿಯೆಸ್ಟರ್ ಬೆರೆತದ್ದು), ಚದರ ಮೀಟರಿಗೆ 280 ಗ್ರಾಂ ಆಸುಪಾಸಿನದು, ಅದಕ್ಕೆ ನೀರು ತಡೆಯುವ ಪಿಯು (ಪಾಲಿಯುರೆಥೇನ್) ಲೇಪ. ಹೊರಗಿನ ಮಳೆಯನ್ನು ಇದು ಚೆನ್ನಾಗಿಯೇ ತಡೆಯುತ್ತದೆ. ಆದರೆ ಇಬ್ಬರು ಒಂದು ರಾತ್ರಿ ಮಲಗಿದರೆ ಉಸಿರು, ಬೆವರಿನಿಂದಲೇ ಅರ್ಧ ಲೀಟರಿನಷ್ಟು ನೀರು ಒಳಗೆ ಸೇರುತ್ತದೆ. ಅದು ಗೋಡೆಯಲ್ಲಿ, ಅದಕ್ಕಿಂತ ಹೆಚ್ಚಾಗಿ ಹಾಸಿಗೆಯ ಅಡಿಯಲ್ಲಿ, ತಣ್ಣನೆಯ ಅಲ್ಯೂಮಿನಿಯಂ ಹಲಗೆಗೆ ತಾಗಿದಲ್ಲಿ ಹನಿಗಟ್ಟುತ್ತದೆ. ಬೆಳಿಗ್ಗೆ ಎದ್ದು ಗಡಿಬಿಡಿಯಲ್ಲಿ ಮಡಚಿದರೆ ಅಷ್ಟೂ ನೀರು ಒಳಗೇ ಉಳಿಯಿತು. ಒಂದೆರಡು ದಿನದಲ್ಲಿ ಮುಗ್ಗಲು ವಾಸನೆ ಏಳುತ್ತದೆ, ವಾರದೊಳಗೆ ಹೊಲಿಗೆಯ ಗುಂಟ ಕಪ್ಪು ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಒಮ್ಮೆ ಹತ್ತಿಗೆ ಬೂಷ್ಟು ಹಿಡಿದರೆ ಕಲೆ ಪೂರ್ತಿ ಹೋಗುವುದಿಲ್ಲ. ತೇವದ ಜೊತೆ ಬಿಸಿಲಿನ ಕಾವೂ ಸೇರಿತೆಂದರೆ ಪಿಯು ಲೇಪ ಅಂಟಂಟಾಗಿ ಸಿಪ್ಪೆ ಏಳುತ್ತದೆ. ಆಮೇಲೆ ಆ ಬಟ್ಟೆ ಮಳೆ ತಡೆಯುವುದಿಲ್ಲ.

ಆದ್ದರಿಂದ ಮಲಗುವಾಗ ಎದುರುಬದುರಿನ ಎರಡು ಕಿಟಕಿಗಳನ್ನಾದರೂ ನಾಲ್ಕು ಬೆರಳು ತೆರೆದಿಡಿ, ಎಷ್ಟೇ ಚಳಿ ಇರಲಿ. ಹಾಸಿಗೆಯ ಅಡಿಗೆ ಗಾಳಿಯಾಡುವ ಜಾಲರಿ ಚಾಪೆ ಹಾಸಿ. ಬೆಳಿಗ್ಗೆ ಹಾಸಿಗೆಯನ್ನು ಅಡ್ಡಲಾಗಿ ಎತ್ತಿ ನಿಲ್ಲಿಸಿ, ಹಲಗೆಯನ್ನು ಒಣಬಟ್ಟೆಯಲ್ಲಿ ಒರೆಸಿ, ಆಮೇಲೆ ಮಡಚಿ. ಮಳೆಯಲ್ಲೇ ಮಡಚಬೇಕಾಗಿ ಬಂದರೆ ಹಾಸಿಗೆಗೂ ಒದ್ದೆ ಬಟ್ಟೆಗೂ ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಹಾಕಿ. ಮನೆ ಸೇರಿದವರು 24 ಗಂಟೆಯೊಳಗೆ ಬಿಚ್ಚಿ ಒಣಗಿಸಲೇಬೇಕು.

ಮಡಚುವಾಗ ಇನ್ನೊಂದು ಕಡೆ ಗಮನ ಇರಲಿ. ಗಟ್ಟಿ ಚಿಪ್ಪಿನ ಟೆಂಟುಗಳಲ್ಲಿ ಮೇಲಿನ ಮುಚ್ಚಳಕ್ಕೂ ಕೆಳಗಿನ ತಟ್ಟೆಗೂ ನಡುವೆ ರಬ್ಬರ್ ಪಟ್ಟಿ ಇರುತ್ತದೆ. ಮುಚ್ಚುವಾಗ ಬಟ್ಟೆಯ ಅಂಚು ಒಂದು ಬೆರಳಿನಷ್ಟು ಹೊರಗೆ ಉಳಿದರೂ ಅದು ದೀಪದ ಬತ್ತಿಯಂತೆ ಹೊರಗಿನ ನೀರನ್ನು ಒಳಕ್ಕೆ ಎಳೆಯುತ್ತದೆ. ಒಂದು ರಾತ್ರಿಯ ಜಡಿಮಳೆಗೆ ಹಾಸಿಗೆಯ ಆ ಮೂಲೆ ಪೂರಾ ನೆನೆದಿರುತ್ತದೆ, ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ‘ಟೆಂಟ್ ಸೋರುತ್ತದೆ’ ಎಂದು ನಮ್ಮ ಬಳಿ ಬರುವ ದೂರುಗಳಲ್ಲಿ ಹಲವಕ್ಕೆ ಮೂಲ ಇದು. ಮುಚ್ಚಿದ ಮೇಲೆ ಗಾಡಿಯನ್ನು ಒಂದು ಸುತ್ತು ಹಾಕಿ, ರಬ್ಬರ್ ಪಟ್ಟಿಯ ಉದ್ದಕ್ಕೂ ಬೆರಳಾಡಿಸಿ. ಮೆತ್ತನೆಯ ಪಿವಿಸಿ ಹೊದಿಕೆಯ ಟೆಂಟಾದರೆ ಹೊದಿಕೆಯ ಜಿಪ್ ಗಾಡಿಯ ಹಿಂಬದಿಗೆ ಬರುವಂತೆ ಕೂರಿಸಬೇಕು. ಜಿಪ್ ಮುಂದಕ್ಕಿದ್ದರೆ ಓಡುವಾಗ ಎದುರು ಮಳೆ ಹಲ್ಲುಗಳ ನಡುವೆ ನುಗ್ಗುತ್ತದೆ. ಹೊಸ ಟೆಂಟನ್ನು ಮೊದಲ ಪ್ರವಾಸಕ್ಕೆ ಮುಂಚೆ ಎರಡು ಮೂರು ಸಲ ಪೈಪಿನಿಂದ ಪೂರ್ತಿ ನೆನೆಸಿ ಒಣಗಿಸುವುದೂ ಮುಖ್ಯ. ನೂಲು ಉಬ್ಬಿ ಸೂಜಿಯ ತೂತುಗಳು ಮುಚ್ಚಿಕೊಳ್ಳುತ್ತವೆ. ಹಾಗೆ ಮಾಡದವರಿಗೆ ಮೊದಲ ಮಳೆಯಲ್ಲಿ ಹೊಲಿಗೆಯಲ್ಲಿ ಹನಿ ಕಂಡರೆ ಅದು ಕಂಪನಿಯ ದೋಷವಲ್ಲ.

ಬೂಷ್ಟು ಆಗಲೇ ಕಂಡಿದ್ದರೆ ಒಂದು ಪಾಲು ಬಿಳಿ ವಿನೆಗರಿಗೆ ನಾಲ್ಕು ಪಾಲು ನೀರು ಬೆರೆಸಿ ಮೆತ್ತನೆಯ ಬ್ರಶ್ಶಿನಲ್ಲಿ ಉಜ್ಜಿ, ಪೂರ್ತಿ ಒಣಗಿಸಿ, ಮೇಲೆ ನೀರು ತಡೆಯುವ ಸ್ಪ್ರೇ ಹೊಡೆಯಿರಿ. ಬ್ಲೀಚಿಂಗ್ ಪುಡಿ ಖಂಡಿತ ಬೇಡ, ದಾರವೂ ಲೇಪವೂ ಎರಡೂ ಹೋಗುತ್ತವೆ. ತೇವ ಹೀರಲು ಅಂಗಡಿಯಲ್ಲಿ ಸಿಗುವ ಕ್ಯಾಲ್ಸಿಯಂ ಕ್ಲೋರೈಡಿನ ಡಬ್ಬಿಗಳನ್ನು ಮುಚ್ಚಿದ ಟೆಂಟಿನೊಳಗೆ ಇಡಬೇಡಿ. ಅದು ನೀರಾಗಿ ಗಾಡಿ ಕುಲುಕಿದಾಗ ಚೆಲ್ಲಿದರೆ ಅಲ್ಯೂಮಿನಿಯಂ ಹಲಗೆಯನ್ನು ತಿನ್ನುತ್ತದೆ. ಸಿಲಿಕಾ ಜೆಲ್ ಚೀಲಗಳು ಸಾಕು, ಆಗಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ನುಸಿಗುಳಿಗೆಯೂ ಬೇಡ, ಆ ವಾಸನೆಯಲ್ಲಿ ಮಲಗಬೇಕಾದವರು ನೀವೇ.

‘ಜೂನ್‌ನಲ್ಲಿ ಇಳಿಸಿ, ಅಕ್ಟೋಬರ್‌ನಲ್ಲಿ ಏರಿಸಿ’ ಎಂಬ ಸಲಹೆ ಎಲ್ಲ ಕಡೆಗೂ ಹೊಂದುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಬೀಳುತ್ತದೆ, ಚಳ್ಳಕೆರೆಯಲ್ಲಿ 500 ಮಿ.ಮೀ. ಆಸುಪಾಸು. ಮಲೆನಾಡು, ಕರಾವಳಿಯಲ್ಲಿ ಆರಿದ್ರೆಯಿಂದ ಮಘೆಯವರೆಗೆ ಬಟ್ಟೆ ಒಣಗಿಸಲು ಬಿಸಿಲೇ ಸಿಗುವುದಿಲ್ಲ. ಅಲ್ಲಿನವರಿಗೆ ಶೀಟಿನ ಮಾಡಿದ್ದು, ಅದರಡಿಯಲ್ಲಿ ಟೆಂಟ್ ಪೂರ್ತಿ ಬಿಚ್ಚುವಷ್ಟು ಎತ್ತರವಿದ್ದರೆ ಮಾತ್ರ ಗಾಡಿ ಮೇಲೆ ಬಿಡಿ. ವಾರಕ್ಕೊಮ್ಮೆ ಬಿಚ್ಚಿ ಪೆಡೆಸ್ಟಲ್ ಫ್ಯಾನ್ ಮೂರು ಗಂಟೆ ಹಾಕಬೇಕು. ಮಾಡು ಇಲ್ಲದಿದ್ದರೆ ಇಳಿಸುವುದೇ ಒಳ್ಳೆಯದು. ಬೆಂಗಳೂರಿನ ಲೆಕ್ಕ ಬೇರೆ. ಅಲ್ಲಿ ಜೂನ್, ಜುಲೈನ ಜಿಟಿಜಿಟಿಗಿಂತ ಮೇ ತಿಂಗಳ ಸಂಜೆಮಳೆ, ಸೆಪ್ಟೆಂಬರ್, ಅಕ್ಟೋಬರ್‌ನ ಜೋರುಮಳೆಯೇ ಹೆಚ್ಚು ನೀರು ಸುರಿಸುತ್ತವೆ. ನಡುನಡುವೆ ಬಿಸಿಲೂ ಬರುತ್ತದೆ. ಹದಿನೈದು ದಿನಕ್ಕೊಮ್ಮೆ ಬಿಚ್ಚಿ ಗಾಳಿಯಾಡಿಸಿದರೆ ಇಳಿಸುವ ಅಗತ್ಯವಿಲ್ಲ. ಎಲ್ಲಿಯವರೇ ಆಗಲಿ, ಮಳೆಗಾಲದಲ್ಲಿ ಹಾಸಿಗೆ, ದಿಂಬು, ಕಂಬಳಿಗಳನ್ನು ಒಳಗಿಂದ ತೆಗೆದು ಮನೆಯಲ್ಲಿಡಿ. ತೇವವನ್ನು ಹೆಚ್ಚು ಹಿಡಿದಿಡುವುದು ಆ ಫೋಮೇ. ಇಲಿ ಗೂಡು ಮಾಡುವುದೂ ಅದರಲ್ಲೇ.

ಮುಚ್ಚಿದ ಟೆಂಟಿನ ಮೇಲೆ ತಾಡಪಾಲು ಬಿಗಿದು ಕಟ್ಟುವ ಅಭ್ಯಾಸ ಹಲವರಿಗಿದೆ. ಅದರಿಂದ ಕೆಡುಕೇ ಹೆಚ್ಚು. ಒಳಗಿನ ಆವಿಗೆ ದಾರಿ ಸಿಗುವುದಿಲ್ಲ, ಗಾಳಿಗೆ ತಾಡಪಾಲು ಬಡಿದು ಬಡಿದು ಹೊದಿಕೆಯ ಮೂಲೆ ಸವೆಯುತ್ತದೆ.

ಇನ್ನು ಕೂರಿಸುವ ವಿಚಾರ. ಪಿಕಪ್‌ನಲ್ಲಿ ಕಾರಿನಲ್ಲಿಲ್ಲದ ಒಂದು ತೊಡಕಿದೆ. ಚಾಲಕನ ಕ್ಯಾಬಿನ್ನು, ಹಿಂದಿನ ಸರಕಿನ ತೊಟ್ಟಿ ಎರಡೂ ಚಾಸಿಯ, ಅಂದರೆ ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿನ ಮೇಲೆ ಬೇರೆ ಬೇರೆಯಾಗಿ ಕೂತಿರುತ್ತವೆ. ಹಳ್ಳ ದಿಣ್ಣೆ ಬಂದಾಗ ಚಾಸಿ ತಿರುಚಿಕೊಳ್ಳುತ್ತದೆ, ಕ್ಯಾಬಿನ್ ಒಂದು ಕಡೆ, ತೊಟ್ಟಿ ಇನ್ನೊಂದು ಕಡೆ ವಾಲುತ್ತವೆ. ನಾಲ್ಕು ಬಾಗಿಲಿನ ಪಿಕಪ್‌ನ ತೊಟ್ಟಿ ಸುಮಾರು ಒಂದೂವರೆ ಮೀಟರ್ ಉದ್ದ, ಗಟ್ಟಿ ಚಿಪ್ಪಿನ ಟೆಂಟು ಎರಡು ಮೀಟರಿಗೂ ಉದ್ದ. ಉದ್ದ ಸಾಲದೆಂದು ಮುಂದಿನ ಕಾಲು ಕ್ಯಾಬಿನ್ ಕ್ಯಾರಿಯರಿಗೆ, ಹಿಂದಿನ ಕಾಲು ತೊಟ್ಟಿಯ ಕ್ಯಾರಿಯರಿಗೆ ಬಿಗಿಯುವವರಿದ್ದಾರೆ. ಹೀಗೆ ಎಂದೂ ಮಾಡಬಾರದು. ಎರಡರ ತಿರುಚಾಟವೂ ಟೆಂಟಿನ ತಳದ ಮೇಲೆ ಬೀಳುತ್ತದೆ. ಮೊದಲು ಬೋಲ್ಟಿನ ತೂತು ಅಗಲವಾಗುತ್ತದೆ, ಆಮೇಲೆ ಹಲಗೆ ಸೀಳುತ್ತದೆ. ಟೆಂಟಿನ ಅಷ್ಟೂ ಭಾರ ತೊಟ್ಟಿಯ ಕ್ಯಾರಿಯರ್ ಮೇಲೇ ಇರಬೇಕು. ಮುಂಭಾಗ ಕ್ಯಾಬಿನ್ ಮೇಲೆ ಚಾಚಿಕೊಂಡರೆ ಅಡ್ಡಿಯಿಲ್ಲ, ನಡುವೆ ಐದು ಸೆಂ.ಮೀ. ಜಾಗವಾದರೂ ಬಿಡಿ.

ಕ್ಯಾಬಿನ್ ಛಾವಣಿಯ ಮೇಲೇ ಇಡುವುದಾದರೆ ಭಾರದ ಲೆಕ್ಕ ಹಾಕಿ. ಗಾಡಿ ಓಡುವಾಗ ಛಾವಣಿ ತಾಳುವ ಮಿತಿ ಹೆಚ್ಚಿನ ಗಾಡಿಗಳಲ್ಲಿ 75ರಿಂದ 100 ಕೆ.ಜಿ. ಟೆಂಟೇ 55ರಿಂದ 75 ಕೆ.ಜಿ. ಇರುತ್ತದೆ, ಕಬ್ಬಿಣದ ಕ್ಯಾರಿಯರ್ 20–30 ಕೆ.ಜಿ. ಅಲ್ಲಿಗೆ ಮಿತಿ ಮುಗಿಯಿತು. ‘ಮೂರು ಜನ ಮಲಗಿದರೂ ಏನೂ ಆಗಲ್ಲ’ ಎಂಬ ಮಾತು ನಿಂತ ಗಾಡಿಗೆ ಸರಿ, ಯಾಕೆಂದರೆ ನಿಂತಾಗ ತಾಳುವ ಭಾರ ಅದರ ಹಲವು ಪಟ್ಟು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಇಳಿಯುವ ಗಾಡಿಗೆ ಆ ಲೆಕ್ಕ ಹೊಂದುವುದಿಲ್ಲ. ಎತ್ತರದಲ್ಲಿ ಭಾರ ಏರಿದಷ್ಟೂ ಗಾಡಿ ತಿರುವಿನಲ್ಲಿ ಹೊರಕ್ಕೆ ವಾಲುತ್ತದೆ. ಟೆಂಟ್ ಹೊತ್ತಾಗ ಘಾಟಿಯಲ್ಲಿ ಒಂದು ಗೇರ್ ಕಡಿಮೆಯಲ್ಲೇ ಇಳಿಯಿರಿ.

ಬೋಲ್ಟುಗಳ ಬಗ್ಗೆ ತುಸು ಹೆಚ್ಚೇ ಹೇಳಬೇಕು. ಟೆಂಟಿನ ತಳದಲ್ಲಿ ಉದ್ದುದ್ದ ಎರಡು ಅಲ್ಯೂಮಿನಿಯಂ ಚಾನಲ್‌ಗಳಿರುತ್ತವೆ. ಎಂ-8 (8 ಮಿ.ಮೀ. ದಪ್ಪದ) ಬೋಲ್ಟಿನ ತಲೆ ಅದರೊಳಗೆ ಜಾರಿ ಕೂರುತ್ತದೆ, ಕೆಳಗಿನಿಂದ ಪಟ್ಟಿ, ವಾಷರ್, ನೈಲಾಕ್ ನಟ್ಟು (ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವ ನಟ್ಟು). ನಾಲ್ಕು ಪಟ್ಟಿ, ಎಂಟು ಬೋಲ್ಟು, 13ರ ಪಾನಾ. ಉದ್ದ ಹಿಡಿಯ ಪಾನಾ ಹಾಕಿ ಮೈಮೇಲೆ ಬಿದ್ದು ಬಿಗಿದರೆ ಚಾನಲ್ಲಿನ ತುಟಿ ಬಾಯಿಬಿಡುತ್ತದೆ, ಆಮೇಲೆ ಆ ಜಾಗದಲ್ಲಿ ಬೋಲ್ಟು ನಿಲ್ಲುವುದಿಲ್ಲ. ಬಿಗಿತ ಎಷ್ಟೆಂಬುದು ಟೆಂಟಿನ ಕೈಪಿಡಿಯಲ್ಲಿ ಇರುತ್ತದೆ, ಬಿಗಿತ ಅಳೆದು ತೋರಿಸುವ ಟಾರ್ಕ್ ಪಾನಾದಲ್ಲೇ ಬಿಗಿಯಿರಿ. ಸ್ಟೇನ್‌ಲೆಸ್ ಬೋಲ್ಟಿಗೆ ಸ್ಟೇನ್‌ಲೆಸ್ ನಟ್ಟನ್ನು ಒಣಗಾಗಿ ರಭಸದಿಂದ ತಿರುಗಿಸಿದರೆ ಎರಡೂ ಕಚ್ಚಿಕೊಂಡು ಕೂರುತ್ತವೆ, ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಬೋಲ್ಟಿನ ಸುರುಳಿ ಮರೆಗೆ ತುಸು ಆಂಟಿ-ಸೀಜ್ (ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಸವರಿ. ಕಾರವಾರ, ಮಲ್ಪೆ ಕಡೆಯವರಿಗೆ ಇದು ಇನ್ನೂ ಮುಖ್ಯ. ಉಪ್ಪುಗಾಳಿಯಲ್ಲಿ ಸ್ಟೇನ್‌ಲೆಸ್ಸು ಅಲ್ಯೂಮಿನಿಯಂ ತಾಗಿದಲ್ಲಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ನೈಲಾನ್ ವಾಷರ್ ನಡುವೆ ಇಡಿ, ಸಮುದ್ರದ ದಡಕ್ಕೆ ಹೋಗಿ ಬಂದಾಗಲೆಲ್ಲ ಚಾನಲ್ಲನ್ನು ಸಿಹಿನೀರಿನಲ್ಲಿ ತೊಳೆಯಿರಿ.

ಕೂರಿಸಿದ ಮೇಲೆ ಮೊದಲ 50 ಕಿ.ಮೀ.ಗೆ ಒಮ್ಮೆ, 500 ಕಿ.ಮೀ.ಗೆ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ ಬಿಗಿ ನೋಡಬೇಕು. ಹೊಸದರಲ್ಲಿ ಕ್ಯಾರಿಯರಿನ ಬಣ್ಣದ ಪದರ ಅದುಮಿಕೊಂಡು ಬೋಲ್ಟು ತಾನಾಗಿ ಸಡಿಲವಾಗುತ್ತದೆ. ಬಿಗಿದ ಪ್ರತಿ ನಟ್ಟಿನಿಂದ ಪಟ್ಟಿಯವರೆಗೆ ಪೇಂಟ್ ಮಾರ್ಕರಿನಲ್ಲಿ ಒಂದು ಗೆರೆ ಎಳೆದುಬಿಡಿ. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಎಂದೇ ಲೆಕ್ಕ. ಘಾಟಿ ಏರುವ ಮುಂಚೆ ಟಾರ್ಚ್ ಹಿಡಿದು ಎಂಟು ಗೆರೆ ನೋಡಲು ಎರಡು ನಿಮಿಷ ಸಾಕು. ಮೂರು ನಾಲ್ಕು ಸಲ ಬಿಚ್ಚಿದ ನೈಲಾಕ್ ನಟ್ಟಿನ ನೈಲಾನ್ ಹಿಡಿತ ಕಳೆದುಕೊಂಡಿರುತ್ತದೆ, ಎಸೆದು ಹೊಸದು ಹಾಕಿ.

ಬಯಲುಸೀಮೆಯವರಿಗೆ ಮಳೆಗಿಂತ ಬಿಸಿಲಿನ ಕಾಟ ಹೆಚ್ಚು. ರಾಯಚೂರು, ಕಲಬುರಗಿಯ 40 ಡಿಗ್ರಿ ದಾಟಿದ ಬೇಸಿಗೆಯಲ್ಲಿ ಪಿವಿಸಿ ಹೊದಿಕೆ ಪೆಡಸಾಗಿ ಮಡಿಕೆಯಲ್ಲಿ ಬಿರಿಯುತ್ತದೆ, ಜಿಪ್ಪಿನ ಹೊಲಿಗೆ ಮೊದಲು ಸೋಲುತ್ತದೆ. ನೆರಳಿನಲ್ಲಿ ನಿಲ್ಲಿಸುವುದಕ್ಕೆ ಸಮನಾದ ಉಪಾಯ ಬೇರೆ ಇಲ್ಲ. ಕೆಂಪು ಧೂಳು ಸೇರಿದ ಜಿಪ್ಪಿಗೆ ಎಣ್ಣೆ, ಗ್ರೀಸ್ ಹಚ್ಚಿದರೆ ಧೂಳು ಇನ್ನೂ ಮೆತ್ತುತ್ತದೆ. ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ಕೊಡವಿ ಮೇಣದಬತ್ತಿ ಉಜ್ಜಿ. ತಿಂಗಳುಗಟ್ಟಲೆ ಅಲುಗಾಡದ ಟೆಂಟಿನ ತಳದಲ್ಲಿ ಕಡಜ ಗೂಡು ಕಟ್ಟಿರುತ್ತದೆ, ಬಿಚ್ಚುವ ಮುಂಚೆ ಬಗ್ಗಿ ನೋಡಿ. ಮಣ್ಣಿನ ಗೂಡು ಕಟ್ಟುವ ಹುಳಗಳಂತೂ ಬೋಲ್ಟಿನ ಚಾನಲ್ಲನ್ನೇ ಮುಚ್ಚಿಬಿಡುತ್ತವೆ.

ವರ್ಷವಿಡೀ ಬಿಡುವವರೂ ವರ್ಷಕ್ಕೊಮ್ಮೆ ಇಳಿಸಲೇಬೇಕು. ಚಾನಲ್ಲಿನ ಒಳಗಿನ ಸವೆತ, ಕ್ಯಾರಿಯರಿನ ಬೆಸುಗೆಯ ಬಿರುಕು ಇಳಿಸದೆ ಕಾಣುವುದಿಲ್ಲ. ಇಬ್ಬರೇ ಎತ್ತಲು ಹೋಗಬೇಡಿ, ನಾಲ್ಕು ಜನ ಬೇಕು. ಗಟ್ಟಿಮುಟ್ಟಾದ ತೊಲೆ ಇದ್ದರೆ ಅರ್ಧ ಟನ್ನಿನ ಚೈನ್ ಪುಲ್ಲಿ, ನಾಲ್ಕು ಮೂಲೆಗೆ ಅಗಲ ಬೆಲ್ಟು ಹಾಕಿ ಟೆಂಟನ್ನು ಮೇಲೆತ್ತಿ ಗಾಡಿಯನ್ನು ಅಡಿಯಿಂದ ಮುಂದಕ್ಕೆ ತೆಗೆಯಬಹುದು. ನೆಲಕ್ಕೆ ತಾಗದಂತೆ ಮರದ ತುಂಡುಗಳ ಮೇಲಿಡಿ, ಟೆಂಟನ್ನು ಮುಚ್ಚಿ ಬಿಗಿದ ಪಟ್ಟಿಗಳನ್ನು ಸಡಿಲಿಸಿ, ಮೇಲೆ ಏನನ್ನೂ ಪೇರಿಸಬೇಡಿ.

ನೆಲಮಾಳಿಗೆಯಲ್ಲಿ ನಿಲ್ಲಿಸುವವರು ಟೆಂಟ್ ಸಮೇತ ಗಾಡಿಯ ಎತ್ತರವನ್ನು ಟೇಪು ಹಿಡಿದು ಅಳೆದು ಡ್ಯಾಶ್‌ಬೋರ್ಡಿಗೆ ಬರೆದು ಅಂಟಿಸಿ. ಕಾನೂನಿನ ವಿಚಾರವೂ ಇದೆ. ನೋಂದಣಿ ಪತ್ರದಲ್ಲಿರುವ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಚಾಸಿಗೆ, ತೊಟ್ಟಿಗೆ ಬೆಸುಗೆ ಹಾಕಿಸುವ ಕೆಲಸಕ್ಕೆ ಹೋಗದೆ ಬೋಲ್ಟಿನಲ್ಲಿ ಬಿಚ್ಚಿ ತೆಗೆಯುವಂಥ ಕ್ಯಾರಿಯರನ್ನೇ ಆರಿಸಿ, ಹಾಕಿಸುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೂ ಬರಹದಲ್ಲಿ ತಿಳಿಸಿ.

ಕ್ಯಾರಿಯರ್ ತಯಾರಿಸುವ ವರ್ಕ್‌ಶಾಪಿನವರಲ್ಲಿ ನಮ್ಮದೊಂದು ಕೋರಿಕೆ. ಪೈಪಿನ ದಪ್ಪ, ಕ್ಯಾರಿಯರಿನ ತೂಕ, ಗಾಡಿ ಓಡುವಾಗ ಅದು ತಾಳುವ ಭಾರ, ಈ ಮೂರನ್ನೂ ಬಿಲ್ಲಿನಲ್ಲಿ ಬರೆದುಕೊಡಿ, ಒಂದು ತಗಡಿನ ಪಟ್ಟಿಯಲ್ಲಿ ಕೊರೆದು ಕ್ಯಾರಿಯರಿಗೂ ರಿವೆಟ್ ಹೊಡೆಯಿರಿ. ಹಾಗೆ ಬರೆದುಕೊಡಲು ಒಪ್ಪದ ಕಡೆ ಗಿರಾಕಿಗಳು ಮುಂಗಡ ಕೊಡದಿರಲಿ.

— ಪಿಕಪ್ ಟೆಂಟ್ ಮತ್ತು ಕ್ಯಾರಿಯರ್ ಕೆಲಸಗಾರರು, ಶಿವಮೊಗ್ಗ