ಸೋತವರಿಗೇ ಮೊದಲ ಆಯ್ಕೆ ಏಕೆ?

ಮಾನ್ಯ ಸಂಪಾದಕರೇ,

ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗ್ ಹೊಸ ಆಟಗಾರರನ್ನು ತಂಡಗಳಿಗೆ ಹಂಚುವ ‘ಡ್ರಾಫ್ಟ್’ ಪದ್ಧತಿಯನ್ನು ಕೈಬಿಡಬೇಕು ಎಂಬುದು ಕಲಬುರಗಿಯಲ್ಲಿ ಮಕ್ಕಳಿಗೆ ಈ ಆಟ ಕಲಿಸುತ್ತಿರುವ ನನ್ನ ಖಚಿತ ಅಭಿಪ್ರಾಯ. 1947ರಿಂದ ನಡೆದುಬಂದಿರುವ ಈ ಪದ್ಧತಿಯಲ್ಲಿ ತಂಡಗಳು ಸರದಿಯಂತೆ ಹೊಸಬರನ್ನು ಆರಿಸುತ್ತವೆ; ಸೋತು ಹಿಂದುಳಿದ ತಂಡಗಳಿಗೆ ಮೊದಲು ಆರಿಸುವ ಅವಕಾಶ ಹೆಚ್ಚು. ಯಾವ ಊರಿನಲ್ಲಿ, ಯಾವ ಕೋಚ್ ಬಳಿ ಆಡಬೇಕೆಂಬುದು ಆಟಗಾರನ ಕೈಯಲ್ಲಿಲ್ಲ. ಹೆಸರು ಕೂಗಿದ ತಂಡದೊಂದಿಗೇ ಆತ ಮಾತುಕತೆ ನಡೆಸಬೇಕು.

ಬಿಸಿಲೇರುವ ಮೊದಲೇ ಆಟ ಮುಗಿಸಲು ನಮ್ಮ ಹುಡುಗರು ಬೆಳಗಿನ ಆರಕ್ಕೇ ಬಿರುಕುಬಿಟ್ಟ ಸಿಮೆಂಟ್ ಅಂಕಣಕ್ಕೆ ಬರುತ್ತಾರೆ. ಈಚೆಗೆ ಅವರಲ್ಲೊಬ್ಬ, ಅಂಗೈಗೆ ಮೆತ್ತಿದ ದೂಳನ್ನು ಚಡ್ಡಿಗೆ ಒರೆಸಿಕೊಳ್ಳುತ್ತಾ, ‘ಸರ್, ಸೋತವರಿಗೇ ಛಲೋ ಹುಡುಗನ್ನ ಯಾಕ ಕೊಡ್ತಾರ್ರೀ?’ ಎಂದು ಕೇಳಿದ. ಫಿಲಡೆಲ್ಫಿಯಾ ತಂಡವು ಒಳ್ಳೆಯ ಆಯ್ಕೆಗಳ ಆಸೆಯಿಂದ ತನ್ನ ಬಲವನ್ನು ತಾನೇ ಕುಗ್ಗಿಸಿಕೊಂಡು, 2013–14ರಿಂದ ಮೂರು ವರ್ಷ, ತಲಾ 82 ಪಂದ್ಯಗಳಲ್ಲಿ ಕ್ರಮವಾಗಿ 19, 18 ಮತ್ತು 10ರಲ್ಲಿ ಮಾತ್ರ ಗೆದ್ದಿದ್ದನ್ನು ಅವನಿಗೆ ಹೇಳಿದೆ. ಗೆಲ್ಲಲೆಂದೇ ಬೆವರು ಸುರಿಸುವ ಹುಡುಗನಿಗೆ ಅದನ್ನು ಹೇಳುವಾಗ ನನಗೇ ಸಂಕಟವಾಯಿತು. ಹೀಗೆ ಬೇಕೆಂದೇ ಸೋಲುವುದನ್ನು ತಡೆಯಲು, ಮೊದಲ ಆಯ್ಕೆ ಯಾರಿಗೆಂದು ಅದೃಷ್ಟದಿಂದ ನಿರ್ಧರಿಸುವ ಲಾಟರಿಯನ್ನು 1985ರಲ್ಲೇ ತಂದಿದ್ದರು. 2019ರಲ್ಲಿ ಕೊನೆಯ ಮೂರು ತಂಡಗಳಿಗೆ ಮೊದಲ ಆಯ್ಕೆ ಸಿಗುವ ಸಾಧ್ಯತೆಯನ್ನು ತಲಾ ಶೇ 14ಕ್ಕೆ ಇಳಿಸಿದರು. ಆದರೂ ಸೋಲಿನಿಂದ ಸಿಗುವ ಲಾಭ ಪೂರ್ತಿ ಹೋಗಲಿಲ್ಲ.

ಡ್ರಾಫ್ಟ್ ಇಲ್ಲದಿದ್ದರೆ ಒಳ್ಳೆಯವರೆಲ್ಲ ದೊಡ್ಡ ನಗರಗಳ ಪಾಲಾಗುತ್ತಾರೆ ಎಂಬ ವಾದವಿದೆ. ಚಿಗುರುವ ಹೊತ್ತಿಗೆ ಪ್ರತಿಭಾವಂತರು ಬೆಂಗಳೂರಿಗೆ ಹೊರಟುಬಿಡುವುದನ್ನು ವರ್ಷ ವರ್ಷವೂ ನೋಡುವ ಈ ಭಾಗದವನಾಗಿ ಆ ಅಂಜಿಕೆಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಸಣ್ಣ ನಗರ ಮಿಲ್ವಾಕಿಗೆ 2021ರ ಎನ್‌ಬಿಎ ಪ್ರಶಸ್ತಿ ತಂದ ಆಟಗಾರ ಯಾನಿಸ್, ಡ್ರಾಫ್ಟ್‌ನಲ್ಲಿ 15ನೆಯ ಆಯ್ಕೆಯವರು. ಡೆನ್ವರ್‌ಗೆ 2023ರಲ್ಲಿ ತಂದ ಯೋಕಿಚ್ 41ನೆಯವರು. ಅವರನ್ನು ಆ ತಂಡಗಳಿಗೆ ಒದಗಿಸಿದ್ದು ಗುರುತಿಸುವ ಕಣ್ಣೇ ಹೊರತು ತಳ ಸೇರಿದ್ದಕ್ಕೆ ಸಿಕ್ಕ ಬಹುಮಾನವಲ್ಲ. ಹಣವಂತರನ್ನು ಹತೋಟಿಯಲ್ಲಿಡಲು ತಂಡದ ಒಟ್ಟು ಸಂಬಳಕ್ಕೆ ಮಿತಿ ಹೇಗೂ ಇದೆ. ಹೊಸಬರ ಸಂಬಳಕ್ಕೂ ಪ್ರತ್ಯೇಕ ಮಿತಿಯಿಟ್ಟು, ಬಂದ ಕರೆಗಳಲ್ಲಿ ಒಂದನ್ನು ಆಟಗಾರನೇ ಆರಿಸಿಕೊಳ್ಳಲಿ. ಹೆಚ್ಚು ಹೊತ್ತು ಅಂಕಣದಲ್ಲಿರಲು ಬಯಸುವ ಹುಡುಗ, ತಾರೆಯರಿಂದ ತುಂಬಿದ ತಂಡವನ್ನು ಬಿಟ್ಟು ಸಣ್ಣ ಊರಿನ ತಂಡವನ್ನೇ ಆರಿಸಬಹುದು.

ಅಮೆರಿಕದ ಮಹಿಳಾ ವೃತ್ತಿಪರ ಫುಟ್‌ಬಾಲ್ ಲೀಗ್ 2024ರಲ್ಲಿ ಆಟಗಾರ್ತಿಯರ ಸಂಘದೊಂದಿಗೆ ಒಪ್ಪಂದ ಮಾಡಿಕೊಂಡು ಡ್ರಾಫ್ಟ್ ರದ್ದುಪಡಿಸಿದೆ. ಎನ್‌ಬಿಎ ಆಟಗಾರರ ಸಂಘವೂ ಮುಂದಿನ ಒಪ್ಪಂದದ ಮಾತುಕತೆಯಲ್ಲಿ ಈ ಬೇಡಿಕೆಯನ್ನು ಮೊದಲಿಗೇ ಇಡಬೇಕು.

– ಬ್ಯಾಸ್ಕೆಟ್‌ಬಾಲ್ ತರಬೇತುದಾರ, ಕಲಬುರಗಿ